ಬೀಜವಿಲ್ಲದ ಗಿಡದ ಬಿತ್ತನೆ
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ತೋಟಗಾರಿಕೆಗೆ ಸಂಬಂಧಿಸಿದ ಯಾವುದಾದರೂ ವಿಷಯದ ಮೇಲೆ ಮಾತನಾಡಬೇಕೆಂದು ವ್ಯವಸ್ಥಾಪಕರು ಕೇಳಿದಾಗ ಹೂವು ಹಣ್ಣುಗಳನ್ನು ಬಿಟ್ಟು ಜರೀಗಿಡಗಳನ್ನು ಆರಿಸಿಕೊಂಡೆ. ಫರ್ನ್ ಎಂದು ನರ್ಸರಿಗಳಲ್ಲಿ ಕರೆಯುವ ಈ ಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಆದರೂ ಮಲೆನಾಡಿನ ಮನೆಗಳ ಹಿತ್ತಲಿನಲ್ಲಿ, ಬೆಂಗಳೂರಿನ ಬಾಲ್ಕನಿಗಳಲ್ಲಿ, ಕರಾವಳಿಯ ಬಾವಿಕಟ್ಟೆಗಳಲ್ಲಿ ಇದು ಇದ್ದೇ ಇರುತ್ತದೆ. ಅದನ್ನು ಇಟ್ಟುಕೊಂಡವರು ಬಹಳ ಮಂದಿ, ಬಿತ್ತಿ ಬೆಳೆಸಿದವರು ತೀರ ಕಡಿಮೆ. ಬೇಕೆನಿಸಿದಾಗ ಘಟ್ಟದ ದಾರಿಯಲ್ಲಿ ಗಾಡಿ ನಿಲ್ಲಿಸಿ ಬೇರುಸಹಿತ ಕಿತ್ತು ತರುವುದೇ ನಮ್ಮಲ್ಲಿ ವಾಡಿಕೆ. ಹಾಗೆ ಕೀಳಬೇಕಾದ ಅಗತ್ಯವೇ ಇಲ್ಲ, ಅಡುಗೆಮನೆಯ ಸಾಮಾನುಗಳಿಂದಲೇ ಜರೀಗಿಡವನ್ನು ಬಿತ್ತಿ ಬೆಳೆಸಬಹುದು ಎಂಬುದನ್ನು ಹೇಳಲು ನಾನು ಇಂದು ನಿಂತಿದ್ದೇನೆ.

ಮೊದಲು ಈ ಗಿಡದ ಬಾಳಿನ ಕ್ರಮವನ್ನು, ಅದು ಮನುಷ್ಯರಿಗೆ ತಿಳಿದ ಬಗೆಯನ್ನು ಹೇಳುತ್ತೇನೆ. ಬಳಿಕ ಬಿತ್ತನೆಯ ವಿಧಾನ. ಇದಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಆಮೇಲೆ ಬುಡ ಸೀಳಿ ಹೆಚ್ಚಿಸುವುದು, ಆರೈಕೆ, ಕೊನೆಗೆ ಕಾಡಿನ ಪ್ರಶ್ನೆ.

ಜರೀಗಿಡಕ್ಕೆ ಬೀಜ ಎಲ್ಲಿದೆ ಎಂಬುದು ಯೂರೋಪಿನಲ್ಲಿ ಶತಮಾನಗಳ ಕಾಲ ಬಿಡಿಸಲಾಗದ ಒಗಟಾಗಿತ್ತು. ಎಲ್ಲ ಗಿಡಕ್ಕೂ ಬೀಜ ಇರಲೇಬೇಕು, ಇದರದು ಕಾಣುವುದಿಲ್ಲ, ಆದ್ದರಿಂದ ಇದರ ಬೀಜ ಅದೃಶ್ಯವಾದದ್ದು ಎಂದು ಜನ ತರ್ಕಿಸಿದರು. ಆ ಬೀಜ ಕೈಗೆ ಸಿಕ್ಕಿದವನೂ ಅದೃಶ್ಯನಾಗುತ್ತಾನೆ ಎಂಬ ನಂಬಿಕೆ ಅದರ ಹಿಂದೆಯೇ ಬಂತು. ಶೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಮೊದಲ ಭಾಗದಲ್ಲಿ ಕಳ್ಳನೊಬ್ಬ ಈ ನಂಬಿಕೆಯನ್ನೇ ಆಡಿ ತೋರಿಸುತ್ತಾನೆ.

ಒಗಟಿನ ಮೊದಲ ಗಂಟನ್ನು ಬಿಚ್ಚಿದವನು ಜಮೈಕಾ ದ್ವೀಪದಲ್ಲಿದ್ದ ಜಾನ್ ಲಿಂಡ್ಸೆ ಎಂಬ ಶಸ್ತ್ರವೈದ್ಯ. ಮಳೆ ಬಿದ್ದ ಮೇಲೆ ಬರಿಯ ನೆಲದಲ್ಲಿ ಎಳೆಯ ಜರೀಗಿಡಗಳು ಏಳುವುದನ್ನು ಅವನು ಗಮನಿಸಿದ. ಗರಿಯ ಅಡಿಯಲ್ಲಿರುವ ಕಂದು ಧೂಳನ್ನು ಕುಂಡದ ಮಣ್ಣಿಗೆ ಉದುರಿಸಿ, ದಿನದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದ. ಧೂಳಿನ ಕಣ ಮೊಳೆಯಿತು. ಆದರೆ ಮೊಳೆತದ್ದು ಜರೀಗಿಡದಂತೆ ಇರಲಿಲ್ಲ, ನೆಲಕ್ಕೆ ಅಂಟಿಕೊಂಡ ಹಸಿರು ಚಕ್ಕೆಯಾಗಿತ್ತು. ಆ ಚಕ್ಕೆಯಿಂದ ಕೆಲಕಾಲದ ಮೇಲೆ ನಿಜವಾದ ಗರಿ ಎದ್ದಿತು. ಅವನ ವರದಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1794ರಲ್ಲಿ ಅಚ್ಚಾಯಿತು. ಜರೀಗಿಡವನ್ನು ಬಿತ್ತಿ ಬೆಳೆಸುವವರೆಲ್ಲ ಇಂದಿಗೂ ಲಿಂಡ್ಸೆ ಮಾಡಿದ್ದನ್ನೇ ಮಾಡುತ್ತಿದ್ದೇವೆ.

ಆ ಹಸಿರು ಚಕ್ಕೆ ಏನು ಎಂಬುದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1844ರಲ್ಲಿ ಕಾರ್ಲ್ ನೇಗೆಲಿ ಅದರ ಮೇಲೆ ಗಂಡು ಅಂಗಗಳನ್ನು ಕಂಡ. 1848ರಲ್ಲಿ ಲೆಸ್ಚಿಕ್ ಸುಮಿನ್ಸ್ಕಿ ಹೆಣ್ಣು ಅಂಗಗಳನ್ನು ಗುರುತಿಸಿ, ಗರ್ಭಾಂಕುರ ನಡೆಯುವುದು ಅಲ್ಲಿಯೇ ಎಂದು ತೋರಿಸಿದ. 1851ರಲ್ಲಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಇವೆಲ್ಲವನ್ನೂ ಹೊಂದಿಸಿ, ಇದು ಎರಡು ಪೀಳಿಗೆಗಳ ಸರದಿ ಎಂದು ವಿವರಿಸಿದ. ನಾವು ನೋಡುವ ಗರಿಗಳ ಗಿಡ ಒಂದು ಪೀಳಿಗೆ. ಅದು ಬೀಜಾಣುಗಳನ್ನು, ಅಂದರೆ ಲಿಂಡ್ಸೆ ಬಿತ್ತಿದ ಆ ಕಂದು ಧೂಳನ್ನು, ಉದುರಿಸುತ್ತದೆ. ಬೀಜಾಣುವಿನಿಂದ ಹುಟ್ಟುವ, ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಚಕ್ಕೆ ಇನ್ನೊಂದು ಪೀಳಿಗೆ. ಅದರ ಹೆಸರು ಪ್ರೋಥ್ಯಾಲಸ್. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ನೀರು ಸಾಗಿಸುವ ನಾಳಗಳೂ ಇಲ್ಲ. ಅದರ ಅಡಿಯಲ್ಲಿ ಗಂಡು ಹೆಣ್ಣು ಎರಡೂ ಅಂಗಗಳು ಬೆಳೆಯುತ್ತವೆ. ಸುರುಳಿ ಸುತ್ತಿದ ಗಂಡು ಲಿಂಗಾಣು ನೀರಿನ ತೆಳು ಪದರದಲ್ಲಿ ಈಜಿ ಹೋಗಿ ಅಂಡವನ್ನು ಸೇರಬೇಕು. ನೀರಿಲ್ಲದಿದ್ದರೆ ಮುಂದಿನ ಗಿಡವಿಲ್ಲ.

ಸಸ್ಯಶಾಸ್ತ್ರದ ತರಗತಿಯಲ್ಲಿ ಇದನ್ನು ಚಿತ್ರ ಬರೆದು ಅಂಕ ಪಡೆದು ಮರೆತಿರುತ್ತೇವೆ. ಬೆಳೆಸುವವನಿಗೆ ಮಾತ್ರ ಇದನ್ನು ಮರೆಯುವ ಹಾಗಿಲ್ಲ. ಬಿತ್ತನೆಯಲ್ಲಿ ಸೋತವರು ಹೆಚ್ಚಾಗಿ ಸೋಲುವುದು ಈ ಚಕ್ಕೆಯ ಹಂತದಲ್ಲಿ, ಅದನ್ನು ಪಾಚಿ ಎಂದು ಭಾವಿಸಿ ಕುಂಡವನ್ನು ಚೆಲ್ಲಿಬಿಡುವುದರಿಂದ.

ಇನ್ನು ಬಿತ್ತನೆಯ ವಿಷಯಕ್ಕೆ ಬರುತ್ತೇನೆ.

ಮೊದಲ ಕೆಲಸ ಗರಿಯನ್ನು ಸರಿಯಾದ ಹೊತ್ತಿಗೆ ಕೊಯ್ಯುವುದು. ಗರಿಯ ಅಡಿಯಲ್ಲಿ ಸಾಲಾಗಿಯೋ ಅಂಚಿಗೆ ಹೊಂದಿಕೊಂಡೋ ಇರುವ ಗುಂಪುಗಳನ್ನು ಸೋರಸ್ ಎನ್ನುತ್ತೇವೆ. ಅವು ಹಸಿರಾಗಿದ್ದರೆ ಎಳೆಯವು, ಹರಿದು ಜೊಳ್ಳಾಗಿದ್ದರೆ ಬೀಜಾಣು ಆಗಲೇ ಹಾರಿಹೋಗಿದೆ. ಕಂದು ಬಣ್ಣಕ್ಕೆ ತಿರುಗಿ ಇನ್ನೂ ಉಬ್ಬಿ ಹೊಳೆಯುತ್ತಿರುವಾಗ ಕೊಯ್ಯಬೇಕು. ಸೋರಸ್ಸಿನಲ್ಲಿ ಹಲವು ಬೀಜಾಣುಧಾನಿಗಳು ಇರುತ್ತವೆ. ಸಾಮಾನ್ಯ ಜರೀಗಿಡಗಳಲ್ಲಿ ಒಂದೊಂದು ಧಾನಿಯಲ್ಲೂ 64 ಬೀಜಾಣುಗಳು. ಧಾನಿಯ ಮೇಲೆ ದಪ್ಪ ಗೋಡೆಯ ಕೋಶಗಳ ಪಟ್ಟಿಯೊಂದಿದೆ. ಗಾಳಿ ಒಣಗಿದಂತೆ ಆ ಕೋಶಗಳ ನೀರು ಆರಿ ಪಟ್ಟಿ ಹಿಂದಕ್ಕೆ ಬಾಗುತ್ತದೆ. ಒಳಗಿನ ನೀರಿನ ಎಳೆತ ಕಡಿದ ಕ್ಷಣವೇ ಪಟ್ಟಿ ರಪ್ಪನೆ ಮುಂದಕ್ಕೆ ಹಾರಿ ಬೀಜಾಣುಗಳನ್ನು ಎಸೆಯುತ್ತದೆ. ಆದ್ದರಿಂದ ಗರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬಾರದು, ತೇವಕ್ಕೆ ಧಾನಿ ತೆರೆಯುವುದೇ ಇಲ್ಲ. ಬಿಳಿಯ ಕಾಗದದ ನಡುವೆ, ಸೋರಸ್ ಕೆಳಮುಖವಾಗಿ ಇಟ್ಟು, ಮೇಲೆ ಒಂದು ಪುಸ್ತಕ ಹೇರಿ, ಒಣಗಿದ ಕೋಣೆಯಲ್ಲಿ ಒಂದೆರಡು ದಿನ ಬಿಡಿ. ಕಾಗದ ಎತ್ತಿದರೆ ಗರಿಯ ಅಚ್ಚು ಧೂಳಿನಲ್ಲಿ ಮೂಡಿರುತ್ತದೆ.

ಆ ಧೂಳೆಲ್ಲ ಬೀಜಾಣುವಲ್ಲ, ಧಾನಿಯ ಸಿಪ್ಪೆಯೂ ಸೇರಿರುತ್ತದೆ. ಕಾಗದವನ್ನು ಓರೆಯಾಗಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಿಪ್ಪೆ ಮೊದಲು ಜಾರುತ್ತದೆ, ಬೀಜಾಣು ಕಾಗದಕ್ಕೆ ಹಿಡಿದುಕೊಂಡಿರುತ್ತದೆ. ಸಿಪ್ಪೆಯನ್ನು ಬೇರ್ಪಡಿಸುವುದು ಮುಖ್ಯ, ಬೂಸ್ಟು ಬರುವುದು ಅದರಿಂದಲೇ. ಈ ಕೆಲಸ ಮಾಡುವಾಗ ಫ್ಯಾನ್ ಆರಿಸಿರಬೇಕು. ಒಂದು ಸಲಕ್ಕೆ ಒಂದೇ ಜಾತಿಯನ್ನು ಕೈಗೆತ್ತಿಕೊಳ್ಳಬೇಕು. ಇಲ್ಲವಾದರೆ ಹಂಸಪಾದಿ ಬಿತ್ತಿದ ಕುಂಡದಲ್ಲಿ ಪಕ್ಕದ ಗಿಡದ ಸಂತಾನ ಎದ್ದಿರುತ್ತದೆ. ಕಂದು ಬೀಜಾಣುಗಳನ್ನು ಕಾಗದದ ಲಕೋಟೆಯಲ್ಲಿ ಫ್ರಿಜ್ಜಿನಲ್ಲಿ ಇಟ್ಟರೆ ವರ್ಷಗಳ ಕಾಲ ಜೀವ ಹಿಡಿದಿರುತ್ತವೆ. ಆಸ್ಮಂಡದಂಥ ಕೆಲವು ಜಾತಿಗಳ ಬೀಜಾಣು ಹಸಿರು. ಅವುಗಳ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಅವನ್ನು ಕೊಯ್ದ ಕೂಡಲೇ ಬಿತ್ತಬೇಕು.

ಬಿತ್ತುವ ನೆಲೆಗೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಅದಕ್ಕೆ ಸ್ವಲ್ಪ ಜರಡಿ ಹಿಡಿದ ಎಲೆಗೊಬ್ಬರ, ಸ್ವಲ್ಪ ಮರಳು ಸಾಕು. ಕೊಕೊಪೀಟನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪನ್ನು ಕಳೆಯಬೇಕು. ಈ ಮಿಶ್ರಣವನ್ನು ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ ಆರಿಸಿ. ಪಾಚಿ, ಹಾವಸೆ, ಬೂಸ್ಟು, ಹುಳದ ಮೊಟ್ಟೆ ಇವೆಲ್ಲ ಬೀಜಾಣುವಿಗಿಂತ ಬೇಗ ಬೆಳೆಯುವ ಶತ್ರುಗಳು. ಅವುಗಳಿಗೆ ಮೊದಲೇ ಎಡೆ ಕೊಡಬಾರದು. ಮಿಠಾಯಿ ಅಂಗಡಿಯಿಂದ ಬರುವ ಮುಚ್ಚಳವುಳ್ಳ ಪಾರದರ್ಶಕ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಎರಡು ಬೆರಳಿನಷ್ಟು ಮಿಶ್ರಣ ಹರಡಿ, ಕುದಿಸಿ ಆರಿಸಿದ ನೀರಿನಿಂದ ತೇವ ಮಾಡಿ. ನೀರು ನಿಲ್ಲಬಾರದು. ಹಳೆಯ ತೋಟಗಾರರು ಇಟ್ಟಿಗೆಯ ಮೇಲೂ ಬಿತ್ತುತ್ತಿದ್ದರು. ತಟ್ಟೆಯ ನೀರಿನಲ್ಲಿ ಇಟ್ಟಿಗೆಯನ್ನು ನಿಲ್ಲಿಸಿ ಗಾಜಿನಿಂದ ಮುಚ್ಚಿದರೆ ಅದು ತಾನಾಗಿ ತೇವವನ್ನು ಮೇಲಕ್ಕೆಳೆದುಕೊಳ್ಳುತ್ತದೆ.

ಬೀಜಾಣುವನ್ನು ತೆಳ್ಳಗೆ ಬಿತ್ತಬೇಕು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರ ಕೈಯೂ ಇಲ್ಲಿ ಧಾರಾಳವಾಗುತ್ತದೆ. ಹಲವು ಜಾತಿಗಳಲ್ಲಿ ಮೊದಲು ಬಲಿತ ಪ್ರೋಥ್ಯಾಲಸ್‌ಗಳು ಒಂದು ರಾಸಾಯನಿಕವನ್ನು ಸುತ್ತಲಿನ ತೇವಕ್ಕೆ ಬಿಡುತ್ತವೆ. ಅದು ತಗುಲಿದ ಎಳೆಯ ಪ್ರೋಥ್ಯಾಲಸ್‌ಗಳು ಹೃದಯದ ಆಕಾರಕ್ಕೆ ಬೆಳೆಯದೆ, ಚಿಕ್ಕವಾಗಿಯೇ ಉಳಿದು ಬರಿಯ ಗಂಡಾಗುತ್ತವೆ. 1950ರಲ್ಲಿ ವಾಲ್ಟರ್ ಡೆಪ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಬ್ರೇಕನ್ ಜರೀಗಿಡದಲ್ಲಿ ಇದನ್ನು ಕಂಡ. ಒತ್ತೊತ್ತಾಗಿ ಬಿತ್ತಿದರೆ ಡಬ್ಬಿಯ ತುಂಬ ಹಸಿರು ಇರುತ್ತದೆ, ಗಿಡ ಮಾತ್ರ ಬೆರಳೆಣಿಕೆಯಷ್ಟು. ಸಾಧ್ಯವಾದರೆ ಒಂದೇ ಜಾತಿಯ ಎರಡು ಮೂರು ಬೇರೆ ಬೇರೆ ಗಿಡಗಳ ಬೀಜಾಣು ಬೆರೆಸಿ. ಒಂದೇ ಪ್ರೋಥ್ಯಾಲಸ್ಸಿನ ಗಂಡು ಹೆಣ್ಣು ಕೂಡಿ ಹುಟ್ಟಿದ ಗಿಡದಲ್ಲಿ ಎಲ್ಲ ವಂಶವಾಹಿಗಳೂ ಒಂದೇ ಬಗೆಯ ಜೋಡಿಯಾಗಿರುವುದರಿಂದ ಅಡಗಿದ್ದ ದೋಷವೆಲ್ಲ ಹೊರಬೀಳುತ್ತದೆ.

ಮಣ್ಣಿನಿಂದ ಮುಚ್ಚಬೇಡಿ. ಬಹುಪಾಲು ಬೀಜಾಣುಗಳು ಮೊಳೆಯಲು ಬೆಳಕು ಬೇಕು. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಉತ್ತರದ ಕಿಟಕಿಯ ಬಳಿ ಡಬ್ಬಿಯನ್ನಿಟ್ಟು, ಹೆಸರು ತಾರೀಖು ಬರೆದು ಬಿಟ್ಟುಬಿಡಿ. ಎರಡರಿಂದ ಆರು ವಾರಗಳಲ್ಲಿ ಹಸಿರು ಪೊರೆ ಕಾಣುತ್ತದೆ. ಎರಡು ಮೂರು ತಿಂಗಳಿಗೆ ಹೃದಯಗಳು ಬಿಡಿಬಿಡಿಯಾಗಿ ತೋರುತ್ತವೆ. ಈಗ ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ಹನಿಹನಿಯಾಗಿ ಸಿಂಪಡಿಸಬೇಕು, ಲಿಂಗಾಣು ಈಜುವುದು ಈ ನೀರಿನಲ್ಲಿಯೇ. ಅದಾದ ಮೇಲೆ ಚಕ್ಕೆಯ ಕಚ್ಚಿನಿಂದ ಪುಟ್ಟ ಗರಿಯೊಂದು ನಿಮಿರುತ್ತದೆ. ಮೊದಮೊದಲ ಗರಿಗಳು ಬೆಳೆದ ಗಿಡದ ಗರಿಗಳಂತೆ ಇರುವುದಿಲ್ಲ, ತೀರ ಸರಳ. ನಾಲ್ಕೈದು ಗರಿ ಬಂದ ಮೇಲೆ ಸಣ್ಣ ಸಣ್ಣ ಹೆಂಟೆಗಳಾಗಿ ಬೇರ್ಪಡಿಸಿ ಇನ್ನೊಂದು ಡಬ್ಬಿಗೆ ನಾಟಿ ಮಾಡಿ, ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತ ಹೊರಗಿನ ಗಾಳಿಗೆ ಒಗ್ಗಿಸಿ. ಕುಂಡಕ್ಕೆ ಬರುವಷ್ಟರಲ್ಲಿ ಸುಮಾರು ಒಂದು ವರ್ಷ ಕಳೆದಿರುತ್ತದೆ. ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಅಡಿಕೆ ಸಸಿ ನೆಟ್ಟ ನಾಡಿನವರಿಗೆ ನಾನು ತಾಳ್ಮೆಯ ಪಾಠ ಹೇಳಬೇಕಾಗಿಲ್ಲ.

ಹೊಸಬರು ಯಾವುದರಿಂದ ಆರಂಭಿಸಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಟೆರಿಸ್ ಕ್ರೆಟಿಕದಿಂದ ಆರಂಭಿಸಿ ಎನ್ನುತ್ತೇನೆ. 1874ರಲ್ಲಿ ವಿಲಿಯಂ ಫಾರ್ಲೊ ಈ ಗಿಡದಲ್ಲಿ ಒಂದು ವಿಚಿತ್ರವನ್ನು ಕಂಡ. ಇದರ ಪ್ರೋಥ್ಯಾಲಸ್ ಗರ್ಭಾಂಕುರವಿಲ್ಲದೆಯೇ ನೇರವಾಗಿ ಗಿಡವನ್ನು ಹುಟ್ಟಿಸುತ್ತದೆ. ಈಜುವ ನೀರಿನ ಚಿಂತೆ ಇಲ್ಲವಾದ್ದರಿಂದ ಕಲಿಯುವವರ ಕೈಯಲ್ಲಿ ಸೋಲುವುದು ಕಡಿಮೆ. ಹಳೆಯ ಗಾರೆಗೋಡೆಗಳ ಮೇಲೆ ತಾನಾಗಿ ಬೆಳೆಯುವ ಟೆರಿಸ್ ವಿಟ್ಟೇಟ ಕೂಡ ಸುಲಭ. ಎಲೆಯ ಅಡಿಯಲ್ಲಿ ಬಿಳಿಪುಡಿ ಇರುವ, ಮಲೆನಾಡಿನ ಮಕ್ಕಳು ಮುಂಗೈಗೆ ಒತ್ತಿ ಬಿಳಿಯ ಅಚ್ಚು ತೆಗೆಯುವ ಗಿಡ ನಿಮಗೆಲ್ಲ ಗೊತ್ತಿದೆ. ಅದು ಅಮೆರಿಕ ಮೂಲದ ಪಿಟಿರೋಗ್ರಾಮ, ನಮ್ಮ ಘಟ್ಟಗಳಲ್ಲಿ ನೆಲೆನಿಂತಿದೆ. ಅದೂ ಬೇಗ ಮೊಳೆಯುತ್ತದೆ.

ಬಿತ್ತನೆಯನ್ನು ಇಲ್ಲಿಗೆ ಬಿಟ್ಟು, ಬೀಜಾಣುವಿಲ್ಲದೆ ಹೆಚ್ಚಿಸುವ ದಾರಿಗಳನ್ನು ಬೇಗನೆ ನೋಡೋಣ.

ಮನೆಮನೆಯಲ್ಲಿ ತೂಗುವ ಬಾಸ್ಟನ್ ಫರ್ನ್ 1894ರಲ್ಲಿ ಅಮೆರಿಕದಲ್ಲಿ, ಬಾಸ್ಟನ್ನಿಗೆ ಬಂದ ಗಿಡಗಳ ಗುಂಪಿನಲ್ಲಿ ಬೇರೆಯಾಗಿ ಕಂಡ ಒಂದು ತಳಿ. ಇದಕ್ಕೆ ಬೀಜಾಣುವಿನ ದಾರಿ ಹಿಡಿಯಬೇಡಿ. ಬುಡದಿಂದ ದಾರದಂಥ ಹಂಬುಗಳು ಹೊರಟು, ಮಣ್ಣು ತಗುಲಿದಲ್ಲಿ ಮರಿಗಿಡ ಏಳುತ್ತದೆ, ಅದನ್ನು ಕತ್ತರಿಸಿ ನೆಟ್ಟರಾಯಿತು. ಹಂಸಪಾದಿಯ ಗರಿಯ ತುದಿ ನೆಲ ಮುಟ್ಟಿದರೆ ಅಲ್ಲೇ ಬೇರು ಬಿಡುತ್ತದೆ. ತುದಿಯನ್ನು ಪಕ್ಕದ ಕುಂಡಕ್ಕೆ ಬಾಗಿಸಿ ಒಂದು ಕಲ್ಲು ಹೇರಿದರೆ ಸಾಕು. ಮರದ ಮೇಲೆ ಬೆಳೆಯುವ ಡ್ರೈನೇರಿಯ, ಕುಂಡದಂಚಿನಲ್ಲಿ ಹರಿಯುವ ದವಲಿಯ ಇವುಗಳ ಗುಪ್ತಕಾಂಡವನ್ನು ಬೆಳೆಯುವ ತುದಿಯೊಂದಿಗೆ ತುಂಡು ಮಾಡಿ, ಮಣ್ಣಿನಲ್ಲಿ ಹೂಳದೆ ಮೇಲೆಯೇ ಕಟ್ಟಬೇಕು. ಹೂಳಿದರೆ ಕೊಳೆಯುತ್ತದೆ. ದೈತ್ಯ ಗರಿಗಳ ಆಂಜಿಯಾಪ್ಟೆರಿಸ್‌ಗೆ ಗರಿಬುಡದ ಮಾಂಸಲವಾದ ಕಿವಿಗಳಿವೆ. ಅವನ್ನು ಕೊಯ್ದು ಒದ್ದೆ ಮರಳಿನಲ್ಲಿಟ್ಟರೆ ತಿಂಗಳುಗಳ ಮೇಲೆ ಮೊಗ್ಗೊಡೆಯುತ್ತವೆ. ಹಕ್ಕಿಗೂಡಿನ ಜರೀಗಿಡಕ್ಕೆ ಮಾತ್ರ ಸೀಳಲು ಎರಡನೆಯ ಬುಡವೇ ಇಲ್ಲ, ಅದಕ್ಕೆ ಬೀಜಾಣುವೇ ಗತಿ. ಬುಡ ಸೀಳುವ ಕೆಲಸಕ್ಕೆಲ್ಲ ಮುಂಗಾರಿನ ಮೊದಲ ತಿಂಗಳು ಒಳ್ಳೆಯದು.

ತುಂಡಿನಿಂದ ಬೆಳೆಯುವ ಶಕ್ತಿ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. ಸಾಲ್ವೀನಿಯ ಮೊಲೆಸ್ಟ ಎಂಬ ತೇಲುವ ಜರೀಗಿಡ ಬಂಜೆ, ಅದರ ಬೀಜಾಣುವಿಗೆ ಜೀವವಿಲ್ಲ. ಆದರೂ ಮುರಿದ ತುಂಡುಗಳಿಂದಲೇ ಕೆರೆಕುಂಟೆಗಳನ್ನು ಮುಚ್ಚಿಬಿಡುತ್ತದೆ. 1983-84ರಲ್ಲಿ ಬೆಂಗಳೂರಿನ ತಾವರೆಕೊಳವೊಂದರಲ್ಲಿ ಅದನ್ನು ಹತ್ತಿಕ್ಕಲು ಸಿರ್ಟೊಬೇಗಸ್ ಎಂಬ ಮೂತಿಹುಳವನ್ನು ಬಿಟ್ಟಾಗ, ಒಂದು ವರ್ಷದೊಳಗೆ ಆ ಕಳೆ ಕುಸಿಯಿತು. ಅದೇ ಸಸ್ಯಕುಟುಂಬದ ಹತ್ತಿರದ ನೆಂಟ ಅಜೋಲವನ್ನು ನಮ್ಮ ರೈತರು ಹಾಳೆ ಹಾಸಿದ ಗುಂಡಿಯಲ್ಲಿ ದನಗಳ ಮೇವಿಗೆಂದು ಬೆಳೆಸುತ್ತಾರೆ. ಮನೆಯಂಗಳದಲ್ಲಿ ಜರೀಗಿಡ ಬೆಳೆಸುವವರಲ್ಲಿ ಅವರನ್ನೂ ನಾನು ಸೇರಿಸುತ್ತೇನೆ.

ಇನ್ನು ಆರೈಕೆ. ಇಲ್ಲಿ ಒಬ್ಬ ವೈದ್ಯನನ್ನು ನೆನೆಯಬೇಕು. ಲಂಡನ್ನಿನ ನಥಾನಿಯಲ್ ವಾರ್ಡ್ ಹೊಗೆ ತುಂಬಿದ ಊರಿನಲ್ಲಿ ಜರೀಗಿಡ ಬೆಳೆಸಲಾಗದೆ ಸೋತಿದ್ದ. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಮುಚ್ಚಿದ ಸೀಸೆಯಲ್ಲಿಟ್ಟಾಗ, ಆ ಮಣ್ಣಿನಲ್ಲಿ ಒಂದು ಜರೀಗಿಡ ತಾನಾಗಿ ಮೊಳೆಯಿತು. ನೀರು ಹಾಕದೆಯೇ ಅದು ಸುಮಾರು ನಾಲ್ಕು ವರ್ಷ ಬದುಕಿತು. ಆವಿಯಾದ ತೇವ ಗಾಜಿಗೆ ತಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು, ಹೊಗೆ ಒಳಗೆ ಬರುತ್ತಿರಲಿಲ್ಲ. 1833ರಲ್ಲಿ ಅವನ ಗಾಜಿನ ಪೆಟ್ಟಿಗೆಗಳು ಜರೀಗಿಡಗಳನ್ನು ಹೊತ್ತು ಹಡಗಿನಲ್ಲಿ ಸಿಡ್ನಿಗೆ ಹೋದವು, ಆಸ್ಟ್ರೇಲಿಯದ ಜರೀಗಿಡಗಳನ್ನು ಜೀವಂತವಾಗಿ ತಂದವು. ರಾಬರ್ಟ್ ಫಾರ್ಚೂನ್ ಚೀನಾದ ಚಹದ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲಿಯೇ. ಒಬ್ಬ ವೈದ್ಯನ ಜರೀಗಿಡದ ಹಂಬಲ ನಮ್ಮ ಬೆಳಗಿನ ಲೋಟದವರೆಗೆ ಬಂದಿದೆ.

ವಾರ್ಡ್ ಕಲಿಸುವುದು ಇದು. ಜರೀಗಿಡ ಸಾಯುವುದು ಬೇರಿಗೆ ನೀರು ಸಾಲದೆ ಇರುವುದಕ್ಕಿಂತ ಹೆಚ್ಚಾಗಿ ಗಾಳಿ ಒಣಗಿರುವುದರಿಂದ. ಕರಾವಳಿಯಲ್ಲಿ ಈ ಚಿಂತೆ ಕಡಿಮೆ. ಬೆಂಗಳೂರು ಮೈಸೂರುಗಳ ಮಾರ್ಚ್ ಏಪ್ರಿಲ್ ಗಾಳಿ ಅದಕ್ಕೆ ಶತ್ರು. ಬಿಸಿ ಗಾಳಿ ನುಗ್ಗುವ ಪಶ್ಚಿಮದ ಬಾಲ್ಕನಿಯಲ್ಲಿ ದಿನಕ್ಕೆ ಹತ್ತು ಸಲ ನೀರು ಚಿಮುಕಿಸಿದರೂ ಪ್ರಯೋಜನವಿಲ್ಲ. ಪೂರ್ವಕ್ಕೋ ಉತ್ತರಕ್ಕೋ ಸರಿಸಿ, ಕುಂಡಗಳನ್ನು ಒಟ್ಟೊಟ್ಟಿಗೆ ಇಟ್ಟು, ಕೆಳಗೆ ಜಲ್ಲಿ ಹರಡಿದ ನೀರಿನ ತಟ್ಟೆ ಇಡಿ. ಕುಂಡದ ತಳ ಮಾತ್ರ ನೀರಿನಲ್ಲಿ ಮುಳುಗಬಾರದು. ಕೊಳವೆಬಾವಿಯ ಗಡಸು ನೀರಿಗೆ ಹಲವು ಜಾತಿಗಳ ಗರಿತುದಿ ಸುಡುತ್ತದೆ, ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು. ಸುಣ್ಣದ ಗೋಡೆಯಲ್ಲಿ ಹುಟ್ಟುವ ಟೆರಿಸ್ ವಿಟ್ಟೇಟಕ್ಕೆ, ಹಳೆಯ ಬಾವಿಗಳ ಒಳಗೋಡೆಯಲ್ಲಿ ಇಳಿಬಿದ್ದಿರುವ ಹಂಸಪಾದಿಯ ನೆಂಟರಿಗೆ ಆ ಗಡಸು ನೀರೂ ಒಗ್ಗುತ್ತದೆ. ಗೊಬ್ಬರವನ್ನು ಎಷ್ಟು ಕಡಿಮೆ ಕೊಟ್ಟರೆ ಅಷ್ಟು ಕ್ಷೇಮ.

ಇನ್ನೊಂದು ಮಾತು. ಗರಿಯ ಅಡಿಯ ಕಂದು ಚುಕ್ಕೆಗಳನ್ನು ಹುಳ ಎಂದು ತಿಳಿದು ಔಷಧ ಹೊಡೆಯುವವರಿದ್ದಾರೆ. ಸೋರಸ್ ಇದ್ದರೆ ನರಗಳ ಲೆಕ್ಕಕ್ಕೆ ಕ್ರಮವಾಗಿ ಜೋಡಿಸಿದಂತಿರುತ್ತದೆ. ಶಲ್ಕಕೀಟವಾದರೆ ದಂಟಿನ ಮೇಲೂ ಇರುತ್ತದೆ, ಅಡ್ಡಾದಿಡ್ಡಿಯಾಗಿರುತ್ತದೆ, ಉಗುರಿನಿಂದ ಎಬ್ಬಿದರೆ ಏಳುತ್ತದೆ. ಎಣ್ಣೆ ಬೆರೆತ ಕೀಟನಾಶಕವನ್ನು ಜರೀಗಿಡ ತಾಳುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದೇ ಸರಿ.

ಕೊನೆಯ ಭಾಗಕ್ಕೆ ಬಂದೆ. ವಾರ್ಡನ ಪೆಟ್ಟಿಗೆ ಇಂಗ್ಲೆಂಡಿನಲ್ಲಿ ಜರೀಗಿಡದ ಹುಚ್ಚನ್ನೇ ಹಬ್ಬಿಸಿತು. 1855ರಲ್ಲಿ ಚಾರ್ಲ್ಸ್ ಕಿಂಗ್‌ಸ್ಲಿ ಅದಕ್ಕೆ ಟೆರಿಡೊಮೇನಿಯ ಎಂಬ ಹೆಸರಿಟ್ಟ. ಜನ ಬುಟ್ಟಿ ಹಿಡಿದು ಕಣಿವೆಗಳಿಗೆ ನುಗ್ಗಿದರು. ಐರ್ಲೆಂಡಿನ ಕಿಲ್ಲಾರ್ನಿ ಫರ್ನ್ ತನ್ನ ಹಲವು ತಾಣಗಳಿಂದ ಮಾಯವಾಯಿತು. ನಮ್ಮ ದಕ್ಷಿಣ ಭಾರತದ ಜರೀಗಿಡಗಳನ್ನು ಮದರಾಸು ಅರಣ್ಯ ಇಲಾಖೆಯ ರಿಚರ್ಡ್ ಹೆನ್ರಿ ಬೆಡ್ಡೋಮ್ ಚಿತ್ರಗಳೊಂದಿಗೆ ದಾಖಲಿಸಿದ್ದು ಆ ದಶಕಗಳಲ್ಲಿಯೇ, 1863ರಿಂದ. ಆ ಚಿತ್ರಗಳಲ್ಲಿರುವ ಗಿಡಗಳು ನಮ್ಮ ಘಟ್ಟದಲ್ಲಿ ಉಳಿಯಬೇಕಾದರೆ ಇಂಗ್ಲೆಂಡಿನ ಬುಟ್ಟಿಗಳು ಇಲ್ಲಿಗೆ ಬರಬಾರದು. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ಕಿತ್ತು ತಂದ ಗಿಡ ಬಹುಪಾಲು ಬದುಕುವುದೂ ಇಲ್ಲ. ಘಟ್ಟದ ಕೊರಕಲುಗಳನ್ನು ಹೊದ್ದಿರುವ ಡೈಕ್ರನಾಪ್ಟೆರಿಸ್ ಬೇರು ಅಲುಗಿದರೆ ಒಣಗುತ್ತದೆ. ಹಳ್ಳಗಳ ಬದಿಯ ಮರಜರೀಗಿಡಗಳನ್ನು ಆರ್ಕಿಡ್ ಕಟ್ಟುವ ಹಲಗೆಗಳಿಗಾಗಿ ಕಡಿಯುವುದಂತೂ ನನಗೆ ತಾಳಲಾಗದ ಸಂಗತಿ. ಸಯಾತಿಯ ಕುಲದ ಎಲ್ಲ ಮರಜರೀಗಿಡಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಆರ್ಕಿಡ್ ತೆಂಗಿನ ಸಿಪ್ಪೆಯ ಮೇಲೆ ಚೆನ್ನಾಗಿಯೇ ಬೆಳೆಯುತ್ತದೆ.

ಗರಿ ಕೊಯ್ದರೆ ಗಿಡ ಸಾಯುವುದಿಲ್ಲ ಎಂಬುದನ್ನು ಕೊಡಗಿನವರು ಬಹಳ ಹಿಂದಿನಿಂದ ಬಲ್ಲರು. ಮಳೆಗಾಲದಲ್ಲಿ ತೆರ್ಮೆ ತೊಪ್ಪು ಎಂಬ ಜರೀಗಿಡದ ಎಳೆಯ ಸುರುಳಿಗಳನ್ನು ಚಿವುಟಿ ಪಲ್ಯ ಮಾಡುತ್ತಾರೆ, ಬುಡ ಹೊಳೆಯಂಚಿನಲ್ಲೇ ಉಳಿಯುತ್ತದೆ. ಆದರೆ ಗುರುತು ಬಲ್ಲವರ ಜೊತೆಗಷ್ಟೇ ಕೊಯ್ಯಿರಿ. ಬ್ರೇಕನ್ ಜರೀಗಿಡದ ಸುರುಳಿಯಲ್ಲಿ ಕ್ಯಾನ್ಸರ್ ತರುವ ವಿಷವಿದೆ. ಬೀಜಾಣುವಿಗೂ ಕೊಡಗಿನವರ ನ್ಯಾಯವೇ ಸಾಕು. ಒಂದು ಗರಿಯ ತುಂಡು ನೂರಾರು ಮನೆಗಳಿಗೆ ಆಗಿ ಮಿಗುತ್ತದೆ.

ಬ್ರಿಟನ್ನಿನ ಜರೀಗಿಡ ಸಂಘ 1891ರಲ್ಲಿ, ಅಮೆರಿಕದ್ದು 1893ರಲ್ಲಿ ಹುಟ್ಟಿದವು. ಎರಡೂ ಸದಸ್ಯರ ನಡುವೆ ಬೀಜಾಣು ವಿನಿಮಯ ನಡೆಸುತ್ತವೆ. ಅಂಥದೊಂದನ್ನು ಈ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಆರಂಭಿಸಬೇಕೆಂಬುದು ಈ ವೇದಿಕೆಯಿಂದ ನಾನು ಮಾಡುವ ಬೇಡಿಕೆ. ಅದಕ್ಕೆ ಕಟ್ಟಡ ಬೇಡ, ಒಂದು ಫ್ರಿಜ್ಜು, ಒಂದು ದಾಖಲೆ ಪುಸ್ತಕ, ಕಾಗದದ ಲಕೋಟೆಗಳು ಸಾಕು. ಮೊದಲ ಲಕೋಟೆಗಳು ಕಾಡಿನಿಂದ ಬರುವುದು ಬೇಡ, ಮನೆಗಳ ಮತ್ತು ಕಾಲೇಜು ತೋಟಗಳ ಗಿಡಗಳಿಂದಲೇ ಬರಲಿ. ಕಳುಹಿಸುವವರು ಲಕೋಟೆಯ ಮೇಲೆ ಗಿಡದ ಹೆಸರು, ಹೆಸರು ತಿಳಿಯದಿದ್ದರೆ ಒಣಗಿಸಿದ ಗರಿಯ ಒಂದು ತುಂಡು, ಕೊಯ್ದ ಊರು, ಕೊಯ್ದ ತಾರೀಖು, ಬೀಜಾಣುವಿನ ಬಣ್ಣ, ಇಷ್ಟನ್ನು ಕೊಡಬೇಕು. ಬಣ್ಣ ಹಸಿರಾಗಿದ್ದರೆ ಲಕೋಟೆಯ ಮೂಲೆಯಲ್ಲಿ ಕೆಂಪು ಗುರುತು ಹಾಕಿ, ಅದನ್ನು ಅದೇ ವಾರ ಬಿತ್ತಬೇಕಾಗುತ್ತದೆ.